ಟೋಪಿ ತೊಟ್ಟ ಸಹಾಯವಾಣಿ

ಆರೋಗ್ಯ ಇಲಾಖೆಯ ಪ್ರಚಾರಾಧಿಕಾರಿಗೆ ಕಚೇರಿಯವರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ‘ಮೈಕು ಸಾಹೇಬರು’. ಸೊಳ್ಳೆಯಿರಲಿ, ಕ್ಷಯವಿರಲಿ, ಅವರ ಗಂಭೀರ ಕಂಠದಲ್ಲಿ ಪ್ರಕಟಣೆ ಹೊರಟರೆ ಕಾಯಿಲೆಯೇ ಎದ್ದು ನಿಂತು ಕೈಮುಗಿಯಬೇಕು. ಸರ್ಕಾರ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯಕ್ರಮ ಆರಂಭಿಸಿದಾಗ ಅದೂ ಅವರ ಹೆಗಲೇರಿತು. ‘ಮನಬಿಚ್ಚಿ ಮಾತಾಡಿ, ಹಗುರಾಗಿ’ ಎಂಬ ಘೋಷಣೆ ಅವರದೇ. ಅದು ಬಸ್ಸು, ಗೋಡೆಗಳನ್ನೆಲ್ಲ ಹತ್ತಿ, ಕಡೆಗೆ ಕಚೇರಿಯ ಶೌಚಾಲಯದ ಬಾಗಿಲಿಗೂ ಅಂಟಿಕೊಂಡಿತು.

ಅವರ ಮನೆಯಲ್ಲಿ ಮಾತ್ರ ಬೇರೆಯವರು ಬಾಯಿ ಬಿಡುವಂತಿರಲಿಲ್ಲ. ಊಟಕ್ಕೆ ಕೂತರೆ ಅಂದಿನ ಭಾಷಣದ ಮರುಪ್ರಸಾರ. ಎದುರಿಗೆ ಹೆಂಡತಿಯ ತಮ್ಮ ತಲೆ ತಗ್ಗಿಸಿ ಕೂತಿರುತ್ತಿದ್ದ. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವನು, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅಕ್ಕನ ಮನೆ ಸೇರಿದ್ದ. ಈಚೆಗೆ ಅನ್ನ ಕಲಸುತ್ತಿದ್ದನೇ ಹೊರತು ಉಣ್ಣುತ್ತಿರಲಿಲ್ಲ.

“ರೀ, ಇವನ್ಯಾಕೋ ಸರಿ ಕಾಣ್ತಿಲ್ಲ. ಒಂದು ಸಲ ಮಾತಾಡಿಸಿ,” ಎಂದಳು ಹೆಂಡತಿ.

“ತಡೆ ಸಪ್ತಾಹ ಮುಗೀಲಿ ಕಣೆ. ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ.”

ಸಪ್ತಾಹದ ಮೆರವಣಿಗೆಯ ದಿನ ಎಲ್ಲರಿಗೂ ಹಳದಿ ಟೋಪಿ. ಇಲಾಖೆಯ ನಿರ್ದೇಶಕರು ಪಾರಿವಾಳ ಹಾರಿಸಲು ಹೋದರು. ಅದು ಹಾರದೆ ಅವರ ತೋಳಿಗೇ ಅಂಟಿಕೊಂಡಿತು. ಆಗಲೇ ಸಾಹೇಬರ ಫೋನು ಬಡಿದುಕೊಂಡಿತು. ಅತ್ತ ಕಡೆ ಹೆಂಡತಿ.

“ಸೈಕಲ್ಲನ್ನ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದಾನೆ ಕಣ್ರೀ. ‘ಇನ್ನು ನಂಗ್ಯಾಕಕ್ಕ’ ಅಂತಾನೆ. ನಂಗೆ ಭಯ ಆಗ್ತಿದೆ.”

ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು ಅಪಾಯದ ಸೂಚನೆ ಎಂದು ಸಾವಿರ ವೇದಿಕೆಗಳಲ್ಲಿ ಗುಡುಗಿದವರು ಅವರೇ. “ಅವನನ್ನ ಒಬ್ಬನ್ನೇ ಬಿಡಬೇಡ,” ಎಂದು ಹೇಳಿ, ಏನು ಮಾಡಬೇಕೆಂದು ಕೇಳಲು ಕಾರ್ಯಕ್ರಮದ ತಮ್ಮದೇ ಸಹಾಯವಾಣಿಗೆ ಫೋನಾಯಿಸಿದರು. ಅತ್ತ ಕಡೆಯಿಂದ ಅವರದೇ ಗಂಭೀರ ಕಂಠ ಹೇಳಿತು: “ಧೈರ್ಯವಾಗಿರಿ. ನೀವು ಒಂಟಿಯಲ್ಲ. ನಮ್ಮ ಎಲ್ಲ ಸಿಬ್ಬಂದಿ ಕಾರ್ಯನಿರತರಾಗಿದ್ದಾರೆ.”

ಸಿಬ್ಬಂದಿ ಎದುರಿಗೇ ಇದ್ದರು. ಟೋಪಿ ಸರಿಮಾಡಿಕೊಂಡು ಫೋಟೋಕ್ಕೆ ನಿಂತಿದ್ದರು.

ಸಾಹೇಬರು ಆಟೋ ಹತ್ತಿದರು. ಮನೆಯಲ್ಲಿ ಭಾವಮೈದುನ ಕಿಟಕಿಯ ಬಳಿ, ಅಕ್ಕ ಅವನ ಕೈ ಹಿಡಿದು ಕೂತಿದ್ದರು. ಸಾಹೇಬರು ಎದುರು ಕುಕ್ಕರಿಸಿದರು. ಭಾಷಣ ಒಂದೂ ನೆನಪಾಗಲಿಲ್ಲ.

“ಸಾಯ್ಬೇಕು ಅನ್ನಿಸ್ತಿದೆಯೇನೋ?”

ಅವನು ತಲೆಯೆತ್ತಿ ಅವರನ್ನು ನೋಡಿದ. “ಮೊದ್ಲು ಆ ಟೋಪಿ ತೆಗೀರಿ ಭಾವ,” ಎಂದ. ಆಮೇಲೆ, “ಹೂಂ. ಅನ್ನಿಸ್ತಿದೆ.”

ಅವನು ಬಿಟ್ಟು ಬಿಟ್ಟು ಮಾತಾಡಿದ. ಕೈಗೆ ಕೆಲಸವಿಲ್ಲದ್ದು, ಬೆಳಗಾದರೆ ಹೆದರಿಕೆಯಾಗುವುದು, ತಾನೊಂದು ಹೊರೆ ಎನ್ನಿಸುವುದು. ನಡುವೆ ನಾಲ್ಕು ಸಲ ಸಾಹೇಬರ ನಾಲಿಗೆಯ ತುದಿಗೆ ಬುದ್ಧಿವಾದ ಬಂತು. ನಾಲ್ಕೂ ಸಲ ನುಂಗಿಕೊಂಡರು. ಹೆಂಡತಿ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಳು. ಆಸ್ಪತ್ರೆಗೆ ಹೋದರೆ ಮನೋವೈದ್ಯರು ಸಪ್ತಾಹದಲ್ಲಿ ಸನ್ಮಾನ ಮಾಡಿಸಿಕೊಳ್ಳಲು ಹೋಗಿದ್ದರು. ಶಾಲು ಸಮೇತ ಅವರು ವಾಪಸಾಗುವವರೆಗೆ ಮೂವರೂ ಬೆಂಚಿನ ಮೇಲೆ ಒತ್ತಿಕೊಂಡು ಕೂತರು.

ಮುಂದಿನ ಸಭೆಯಲ್ಲಿ ಸಾಹೇಬರು, “ಮೆರವಣಿಗೆ ದಿನಾನಾದ್ರೂ ಫೋನ್ ಹತ್ರ ಇಬ್ಬರು ಇರ್ಲಿ ಸಾರ್,” ಎಂದರು.

“ಇಬ್ಬರು ಅಲ್ಲಿ ಕೂತ್ರೆ ಮೆರವಣಿಗೆಗೆ ಜನ ಕಮ್ಮಿ ಆಗಲ್ವೇನ್ರೀ?” ಎಂದು ಕೇಳಿದ ನಿರ್ದೇಶಕರು ವಿಷಯವನ್ನು ಉಪಸಮಿತಿಗೆ ಒಪ್ಪಿಸಿದರು. ಉಪಸಮಿತಿ ಚಹಾ ಕುಡಿಯಿತು. ಸಾಹೇಬರು ಯಾರನ್ನೂ ಕೇಳದೆ ತಾವೇ ಹೋಗಿ ಫೋನಿನ ಮುಂದೆ ಕೂತರು. ಕರೆ ಮಾಡಿದ ಮೊದಲ ಹೆಂಗಸು, “ಅಯ್ಯೋ, ಮತ್ತೆ ರೆಕಾರ್ಡು!” ಎಂದು ಇಟ್ಟುಬಿಟ್ಟಳು. ತಾವೇ ತಿರುಗಿ ಫೋನು ಮಾಡಿ, “ರೆಕಾರ್ಡಲ್ಲ ತಾಯಿ, ಮನುಷ್ಯನೇ. ಹೇಳಿ,” ಎಂದರು. ಅವಳು ಹೇಳಿದಳು.

ಭಾವಮೈದುನನಿಗೆ ಔಷಧಿ ಹತ್ತಿತು. ಈಗ ಒಂದು ವರ್ಕ್‌ಶಾಪಿನಲ್ಲಿ ಮಧ್ಯಾಹ್ನದವರೆಗೆ ಕೆಲಸ. ಊಟದ ಹೊತ್ತಿಗೆ ಭಾವನ ಮಾತನ್ನು ಅರ್ಧಕ್ಕೆ ತುಂಡರಿಸುವಷ್ಟು ಜೀವ ಬಂದಿದೆ. ಆದರೂ ಕೆಲವು ದಿನ ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಆಗ ಅಕ್ಕ ಕಾಫಿ ಲೋಟ ಹಿಡಿದು ಒಳಗೆ ಹೋಗಿ, ಅವನ ಕಾಲ ಬಳಿ ಸುಮ್ಮನೆ ಕೂರುತ್ತಾಳೆ.