ಪೌಡರಕ್ಕನ ಬೆಂಚು

ಮೋಟಾರ್ ಸೈಕಲ್ಲಿನ ಇಂಜಿನ್ನಿಗೆ ಪೌಡರ್ ಹಾಕುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಆ ಬೀದಿಯವರು ಹದಿನೈದು ವರ್ಷಗಳಿಂದ ಕಾಣುತ್ತಿದ್ದಾರೆ. ಕಟ್ಟಿ ಮುಗಿಸಿದ ಇಂಜಿನ್ನನ್ನು ಒಣಬಟ್ಟೆಯಲ್ಲಿ ಒರೆಸಿ, ಸ್ನಾನ ಮಾಡಿಸಿದ ಮಗುವಿಗೆ ಹಾಕುವಂತೆ ಅದರ ಒಂದೊಂದು ಜಾಯಿಂಟಿನ ಮೇಲೂ ಪೌಡರ್ ಉದುರಿಸಿ, ಗಾಡಿ ಸ್ಟಾರ್ಟ್ ಮಾಡಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕಾಯುತ್ತಾಳೆ. ಎಲ್ಲಾದರೂ ಸಾಸಿವೆ ಕಾಳಿನಷ್ಟು ಆಯಿಲ್ ಜಿನುಗಿದರೂ ಬಿಳಿ ಪೌಡರ್ ಅಲ್ಲಿ ಕಪ್ಪಾಗುತ್ತದೆ. ಕಪ್ಪಾದರೆ ಮತ್ತೆ ಬಿಚ್ಚು, ಮತ್ತೆ ಕಟ್ಟು. ಹಾಗಾಗಿ ಅವಳು ಪೌಡರಕ್ಕ. ಹೆಸರಿಟ್ಟವರು ನಗಲಿಕ್ಕೆಂದು ಇಟ್ಟಿದ್ದರು. ಅವಳು ಆ ಹೆಸರಿಗೆ ಸಲೀಸಾಗಿ ಓಗೊಡತೊಡಗಿದ ಮೇಲೆ ಅವರಿಗೆ ನಗುವುದಕ್ಕೆ ಏನೂ ಉಳಿಯಲಿಲ್ಲ.

ಮೊದಲು ಅವಳು ಶರ್ಟ್ ಕಾರ್ಖಾನೆಯಲ್ಲಿ ಕಾಲರ್ ಕತ್ತರಿಸುತ್ತಿದ್ದಳು. ಗ್ಯಾರೇಜು ಅಪ್ಪನದು. ಅಪ್ಪನ ಕೈ ನಡುಗಲು ಶುರುವಾದಾಗ, "ಕತ್ತರಿ ಹಿಡಿದ ಕೈ ನಿಂದು, ಒಂದು ವಾರ ಬಂದು ಪ್ಯಾಕಿಂಗ್ ಕತ್ತರಿಸಿಕೊಡಮ್ಮ" ಎಂದರು. ಪ್ಯಾಕಿಂಗ್ ಎಂದರೆ ಇಂಜಿನ್ನಿನ ಎರಡು ಲೋಹದ ಮುಖಗಳ ನಡುವೆ, ಆಯಿಲ್ ಹೊರಬರದಂತೆ ಕೂರಿಸುವ ಕಾಗದ. ಹಳೆಯ ಗಾಡಿಗಳಿಗೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಕೈಯಲ್ಲೇ ಆಗಬೇಕು. ಹಾಳೆಯನ್ನು ಇಂಜಿನ್ನಿನ ಅಂಚಿನ ಮೇಲೆ ಹಾಸಿ ಸುತ್ತಿಗೆಯ ಗುಂಡುತಲೆಯಿಂದ ಟಕಟಕ ತಟ್ಟುತ್ತ ಹೋದರೆ ಆ ಅಂಚೇ ಕಾಗದವನ್ನು ಕತ್ತರಿಸುತ್ತದೆ. ಬೋಲ್ಟಿನ ತೂತಿಗೆ ಬೇರಿಂಗಿನ ಗುಂಡೊಂದನ್ನು ಇಟ್ಟು ಒಂದೇ ಏಟು. ಎರಡನೆಯ ಏಟು ಬಿತ್ತೆಂದರೆ ಕಾಗದ ಹರಿಯಿತೆಂದೇ ತಿಳಿಯಬೇಕು.

ವಾರಕ್ಕೆಂದು ಬಂದವಳು ಕಾರ್ಖಾನೆಗೆ ಹಿಂದಿರುಗಲೇ ಇಲ್ಲ. ಅಪ್ಪ ಕೂತಲ್ಲಿಂದಲೇ ಬಾಯಲ್ಲಿ ರಿಪೇರಿ ಮಾಡುತ್ತಿದ್ದರು, ಇವಳು ಕೈಯಲ್ಲಿ. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯಬಾರದು, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಕಾಗದದ ಜೊತೆಗೆ ಸಂದು ಮುಚ್ಚುವ ಪೇಸ್ಟ್ ಹಚ್ಚಲೇಬೇಕಾಗಿ ಬಂದರೆ, ಹಚ್ಚಿದ್ದೇ ಕಾಣದಷ್ಟು ತೆಳ್ಳಗೆ ಹಚ್ಚಬೇಕು. ಹೀಗೆ ಮೂರು ವರ್ಷ ಹೇಳಿಕೊಟ್ಟು ಅಪ್ಪ ತೀರಿಕೊಂಡರು.

ಆಮೇಲೆ ಅಣ್ಣ ಯಜಮಾನನಾದ. "ನೀನು ಪ್ಯಾಕಿಂಗ್ ಕತ್ತರಿಸಿಕೊಡು, ಸಾಕು. ಹೆಂಗಸು ಕಟ್ಟಿದ ಇಂಜಿನ್ ಅಂದ್ರೆ ಗಿರಾಕಿಗಳು ಒಪ್ಪಲ್ಲ" ಎಂದ. ಅವಳು ಜಗಳವಾಡಲಿಲ್ಲ, ಅಪ್ಪನ ಬೆಂಚು ಬಿಟ್ಟು ಏಳಲೂ ಇಲ್ಲ. ಗಾಡಿ ಸೋರುತ್ತದೆ ಎಂದು ಯಾರಾದರೂ ಬಂದರೆ ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅವಳ ಕೈಯಲ್ಲಿ ಸ್ಪ್ಯಾನರ್ ಇರುತ್ತಿತ್ತು. ಗಿರಾಕಿಗಳು ಒಪ್ಪಿದರು. ಒಪ್ಪದೆ ಇದ್ದವನು ಅಣ್ಣ ಒಬ್ಬನೇ. ಅವಳು ಕಟ್ಟಿದ ಗಾಡಿಯೊಂದು, ಒಂದೇ ಒಂದು, ಸೋರಿಕೊಂಡು ವಾಪಸ್ ಬರಲಿ ಎಂದು ಅವನು ವರ್ಷಗಟ್ಟಲೆ ಕಾದ. ಅವನು ಕಾಯುತ್ತಿರುವುದು ಅವಳಿಗೂ ಗೊತ್ತಿತ್ತು. ಎಲ್ಲ ಕೆಟ್ಟಿದ್ದು ಅಲ್ಲಿಂದಲೇ.

ಒಂದು ಬೆಳಿಗ್ಗೆ ಪ್ಲಂಬರ್ ತನ್ನ ಗಾಡಿಯನ್ನು ತಳ್ಳಿಕೊಂಡು ಬಂದ. ಹಿಂದೆ ಕಟ್ಟಿದ ಪೈಪುಗಳು ಹಾಗೇ ಇದ್ದವು, ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಏರು ಹತ್ತೋವಾಗ ಕಿರ್ ಅಂತು, ಅಲ್ಲೇ ನಿಂತುಹೋಯ್ತು. ಇಲ್ಲಿ ಕಟ್ಟಿಸಿ ಇನ್ನೂ ಹನ್ನೆರಡು ದಿನ ಆಗಿಲ್ಲ."

ಅಣ್ಣ ಕಿಕ್ಕರ್ ಮೇಲೆ ಕಾಲಿಟ್ಟು ಒತ್ತಿದ. ಅದು ಅಲುಗಲಿಲ್ಲ. ಇಂಜಿನ್ ಜಾಮ್ ಆಗಿತ್ತು.

"ಯಾರು ಕಟ್ಟಿದ್ದು ಇದನ್ನ?" ಎಂದು ಇಡೀ ಬೀದಿಗೆ ಕೇಳುವಂತೆ ಕೇಳಿದ, ಗೊತ್ತಿದ್ದೂ.

"ನಾನೇ" ಎಂದಳು.

"ಹಾಗಾದ್ರೆ ಇದೊಂದು ಇವತ್ತೇ ಮುಗಿದುಹೋಗಲಿ. ತಪ್ಪು ನಿಂದು ಅಂತಾದ್ರೆ ಇನ್ನು ಸ್ಪ್ಯಾನರ್ ಮುಟ್ಟೋ ಹಾಗಿಲ್ಲ. ಬೆಂಚು ಬಿಟ್ಟು ಮೂಲೇಲಿ ಕೂತು ಕಾಗದ ಕತ್ತರಿಸು."

"ಮೊದಲು ಬಿಚ್ಚಿ ನೋಡೋಣ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಬಿಚ್ಚು, ಬಿಚ್ಚು. ಬನ್ನಿ ಸಾರ್, ಟೀ ಕುಡಿದು ಬರೋಣ" ಎಂದು ಅಣ್ಣ ಪ್ಲಂಬರನನ್ನು ಎದುರಿನ ಅಂಗಡಿಗೆ ಕರೆದುಕೊಂಡು ಹೋದ. ಅವನ ನಡಿಗೆಯಲ್ಲೇ ಖುಷಿ ಕಾಣುತ್ತಿತ್ತು.

ಅವಳು ಮೊದಲು ಜಾಯಿಂಟಿನ ಸುತ್ತ ಬೆರಳಾಡಿಸಿದಳು. ಒಂದು ಹನಿ ಆಯಿಲ್ ಇಲ್ಲ. ಕೆಳಗಿನ ಬೋಲ್ಟ್ ಬಿಚ್ಚಿದಳು. ಹಾಕಿದಷ್ಟೂ ಆಯಿಲ್ ಹೊರಬಂತು. ಸೋರಿಲ್ಲ, ಕಡಿಮೆಯಾಗಿಲ್ಲ, ಮತ್ತೆ ಇಂಜಿನ್ ಒಣಗಿ ಸತ್ತಿದ್ದು ಹೇಗೆ? ಕ್ಲಚ್ ಕವರ್ ತೆಗೆದು, ಅದರ ತಳದಲ್ಲಿ ಪಂಪಿಗೆ ಏರುವ ಆಯಿಲ್ ಸೋಸುವ ಸಣ್ಣ ಜಾಲರಿಯನ್ನು ಎಳೆದಳು. ಜಾಲರಿಯ ತುಂಬ ಬೂದು ಬಣ್ಣದ ಎಳೆಗಳು, ರಬ್ಬರಿನಂತೆ ಮೆತ್ತಗೆ. ಅದು ಪೇಸ್ಟ್. ಅವಳೇ ಹಚ್ಚಿದ ಪೇಸ್ಟ್.

ನೆನಪಾಯಿತು. ಆ ಕವರಿನ ಅಂಚಿನಲ್ಲಿ ಯಾರೋ ಹಿಂದೆ ಸ್ಕ್ರೂಡ್ರೈವರ್ ಹಾಕಿ ಮೀಟಿದ ಗಾಯವಿತ್ತು. ಬರೀ ಕಾಗದಕ್ಕೆ ಆಯಿಲ್ ನಿಲ್ಲದು ಎಂದು ತೆಳ್ಳಗೆ ಪೇಸ್ಟ್ ಹಚ್ಚಿದ್ದಳು. ಅಷ್ಟು ಸಾಕಿತ್ತು. ಅಷ್ಟರಲ್ಲಿ ತಲೆ ಎತ್ತಿದಾಗ ಅಣ್ಣ ಕೈಕಟ್ಟಿಕೊಂಡು ನೋಡುತ್ತ ನಿಂತಿದ್ದ. ಇವಳ ಕೈ ತಾನೇತಾನಾಗಿ ಇನ್ನೊಂದು ಸಲ ಹಚ್ಚಿತು, ದಪ್ಪಗೆ. ಅವತ್ತು ಪೌಡರ್ ಹಾಲಿನಂತೆ ಬಿಳಿಯಾಗೇ ಉಳಿದಿತ್ತು. ಅಣ್ಣನನ್ನು ಕರೆದು ತೋರಿಸಿಯೂ ಇದ್ದಳು. ಹೆಚ್ಚಾದದ್ದು ಬೋಲ್ಟ್ ಬಿಗಿದಾಗ ಒಳಗಡೆಗೆ ಉಬ್ಬಿ, ಬಿಸಿ ಆಯಿಲಿಗೆ ಕಿತ್ತುಬಂದು, ಜಾಲರಿಯ ಬಾಯಿ ಮುಚ್ಚಿತ್ತು. ಹೊರಗೆ ಒಂದು ಹನಿ ಬೀಳದಿರಲಿ ಎಂಬ ಹಟ ಒಳಗೆ ಒಂದು ಹನಿಯೂ ಮೇಲೇರದಂತೆ ಮಾಡಿತ್ತು. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಅದೇ.

ಪಕ್ಕದಲ್ಲೇ ಪೆಟ್ರೋಲಿನ ತಟ್ಟೆ ಇತ್ತು. ಜಾಲರಿಯನ್ನು ಅದರಲ್ಲಿ ಉಜ್ಜಿ ತೊಳೆದು, ಎಳೆಗಳನ್ನು ಕಸದ ಬಟ್ಟೆಯಲ್ಲಿ ಸುತ್ತಿ ಎಸೆದರೆ ಮುಗಿಯಿತು. ಗಾಡಿ ಹಳೆಯದು, ಪಂಪ್ ಸವೆದಿದೆ ಎಂದರೆ ಪ್ಲಂಬರನಿಗೆ ತಿಳಿಯದು, ಅಣ್ಣನಿಗೂ ತಿಳಿಯದು. ಎದುರಿನ ಅಂಗಡಿಯಲ್ಲಿ ಇಬ್ಬರ ಬೆನ್ನೂ ಈ ಕಡೆಗಿತ್ತು.

ಅವಳಿಗೆ ಹೆದರಿಕೆಯಾಯಿತು. ನಾಚಿಕೆಯೂ ಆಯಿತು. ತಾನು ಹೆದರಿದ್ದರಿಂದಲೇ ಇಂಜಿನ್ ಹೋಯಿತು, ಈಗ ಮತ್ತೆ ಹೆದರಿಯೇ ಸುಳ್ಳು ಹೇಳಬೇಕೇ ಎಂದು ಸಿಟ್ಟು ಬಂತು. ಸುಳ್ಳು ಹೇಳಿದರೆ ಬೆಂಚು ಉಳಿದೀತು, ಆದರೆ ಅದರ ಹಿಂದೆ ಕಳ್ಳಿಯಂತೆ ಕೂರಬೇಕು. ಅಣ್ಣ ಕೈಕಟ್ಟಿ ನಿಂತಾಗಲೆಲ್ಲ ಮೈ ಬೆವರಬೇಕು.

ಹೊಸ ಪ್ಯಾಕಿಂಗ್ ಹಾಳೆಯೊಂದನ್ನು ಬೆಂಚಿನ ಮಧ್ಯೆ ಹಾಸಿ, ಎಳೆಗಳನ್ನು ಒಂದೊಂದಾಗಿ ಅದರ ಮೇಲೆ ಇಟ್ಟಳು. ಆಮೇಲೆ ಬಾಗಿಲಿಗೆ ಬಂದು ಕೂಗಿದಳು.

"ಅಣ್ಣಾ, ಬಾ ಇಲ್ಲಿ. ನೀವೂ ಬನ್ನಿ ಸಾರ್."

ಇಬ್ಬರೂ ಬಂದು ಹಾಳೆಯ ಮೇಲೆ ಬಗ್ಗಿದರು.

"ನಿಮ್ಮ ಗಾಡಿ ಕೆಡಿಸಿದ್ದು ನಾನು" ಎಂದು ಪ್ಲಂಬರನ ಮುಖ ನೋಡಿ ಹೇಳಿದಳು. "ಪೇಸ್ಟ್ ಜಾಸ್ತಿ ಹಾಕ್ಬಿಟ್ಟೆ. ಒಳಗೆ ಕಿತ್ತುಬಂದು ಆಯಿಲ್ ಹೋಗೋ ದಾರೀನೇ ಕಟ್ಟಿಬಿಡ್ತು. ತಪ್ಪಾಯ್ತು. ನಾನೇ ಮತ್ತೆ ಕಟ್ಟಿಕೊಡ್ತೀನಿ."

ಅಣ್ಣನ ಮುಖ ಊರಗಲವಾಯಿತು. "ಕೇಳಿಸ್ಕೊಂಡ್ರಲ್ಲ ಸಾರ್, ಅವಳ ಬಾಯಿಂದಾನೇ ಬಂತು. ನಡಿ, ಬೆಂಚು ಬಿಡು."

"ಅಪ್ಪ ಎರಡು ಇಂಜಿನ್ ಸುಟ್ಟಿದ್ರು, ಗೊತ್ತಲ್ಲ ನಿನಗೆ?" ಎಂದಳು. ದನಿ ಏರಿರಲಿಲ್ಲ. "ಒಂದಕ್ಕಂತೂ ಆಯಿಲ್ ಹಾಕೋದನ್ನೇ ಮರೆತಿದ್ರು. ಅವರನ್ನ ಯಾರಾದ್ರೂ ಮೂಲೇಲಿ ಕೂರು ಅಂದ್ರಾ? ನೀನು ನಾಲ್ಕು ಸುಟ್ಟೆ. ಅದಕ್ಕೆಲ್ಲ ಅನುಭವ ಅಂತ ಹೆಸರು. ನಾನು ಸುಟ್ಟ ಒಂದಕ್ಕೆ ಮಾತ್ರ ಹೆಂಗಸು ಅಂತ ಹೆಸರಾ?"

ಅಣ್ಣ ಪ್ಲಂಬರನ ಕಡೆ ನೋಡಿದ. ಪ್ಲಂಬರ್ ನಗು ತಡೆದುಕೊಳ್ಳಲು ಮೀಸೆ ಉಜ್ಜಿಕೊಳ್ಳುತ್ತಿದ್ದ.

"ನಾನು ಪೈಪು ಸೋರಿಸಿ ನೆನೆಸಿದ ಗೋಡೆಗಳ ವಿಷಯ ಮಾತ್ರ ಯಾರೂ ಕೇಳಬೇಡಿ" ಎಂದ. ಆಮೇಲೆ ಗಂಭೀರವಾದ. "ಆದ್ರೆ ಅಕ್ಕ, ನನ್ನ ಹೊಟ್ಟೆಪಾಡು ಈ ಗಾಡಿ ಮೇಲಿದೆ. ಈ ಸಲ ಇಲ್ಲೇ ಕೂತು ಕಣ್ಣಾರೆ ನೋಡ್ತೀನಿ."

"ನೋಡಿ. ಕೇಳಬೇಕು ಅನ್ಸಿದ್ದು ಕೇಳಿ."

ಅವಳು ಬ್ಲೇಡ್ ತೆಗೆದುಕೊಂಡು ಕವರಿನ ಅಂಚಿಗೆ ಅಂಟಿದ ಹಳೆಯ ಪೇಸ್ಟನ್ನು, ಲೋಹಕ್ಕೆ ಗೀರು ಬೀಳದಂತೆ, ಮೆಲ್ಲಗೆ ಹೆರೆಯತೊಡಗಿದಳು. ಅಣ್ಣ ಬೆಂಚಿನ ಎದುರಿಗೆ ಬಂದು ನಿಂತು ಮತ್ತೆ ಕೈಕಟ್ಟಿದ.

"ನಾನು ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ತಪ್ಪು ನಂದು, ಬೆಂಚೂ ನಂದು. ಬೆಳಕಿಗೆ ಅಡ್ಡ ನಿಂತಿದ್ದೀಯ, ಸ್ವಲ್ಪ ಸರಿ."

ಅವಳು ಬ್ಲೇಡನ್ನು ಕವರಿನಿಂದ ಎತ್ತಿ ಹಿಡಿದು ಕಾದಳು. ಅಣ್ಣ ಕಟ್ಟಿದ್ದ ಕೈ ಇಳಿಬಿಟ್ಟ. ಆಮೇಲೆ ಸರಿದ.