ಅತ್ತೆ ಅವಳಿಗೆ ಕೊಟ್ಟ ನನ್ನ ನಕ್ಷತ್ರ

ನನ್ನ ಅತ್ತೆಯ ನೆತ್ತಿಯ ಮೇಲೆ ಒಂದು ಅಂಗೈಯಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮೀನಿನ ಬುಟ್ಟಿ ಹೊತ್ತು ಹೊತ್ತು ಸಿಂಬೆ ಕೂರುವ ಜಾಗ ಸವೆದು ನುಣ್ಣಗಾಗಿತ್ತು. ಸಂಜೆ ಟಿವಿ ಮುಂದೆ ಕೂತಾಗ ಮಾತ್ರ ತಲೆಯ ಮೇಲಿನ ಸೆರಗು ಸರಿಸಿ ಅಲ್ಲಿಗೆ ತೆಂಗಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹೊರಗಿನವರಾರೂ ಆ ನೆತ್ತಿಯನ್ನು ಕಂಡವರಲ್ಲ. ನಾನು ಕಂಡಿದ್ದೆ, ಮತ್ತೆ ಟಿವಿಯೊಳಗಿನ ಅವಳು ಕಂಡಿದ್ದಳು.

ಅವಳೆಂದರೆ ಏಳೂವರೆಯ ಧಾರಾವಾಹಿಯ ಸೊಸೆ. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯುವಷ್ಟು ಹೊಟ್ಟೆ ಇನ್ನೂ ತಣ್ಣಗಾಗಿಲ್ಲ.

ಅತ್ತೆ ಹಾಲಾಡಿ ಕಡೆಯ ಮನೆಗಳಿಗೆ ಮೀನು ಕೊಡುತ್ತಿದ್ದವರು. ಬೆಳಿಗ್ಗೆ ಬಸ್ಸಿಳಿದು "ಹ್ವಾಯ್" ಎಂದು ಒಂದು ಕೂಗು ಹಾಕಿದರೆ ಮೂರು ಮನೆಯಾಚೆ ಬೆಕ್ಕು ಎದ್ದು ನಿಲ್ಲುತ್ತಿತ್ತಂತೆ. ಮಂಡಿ ಕೈಕೊಟ್ಟ ಮೇಲೆ ಬುಟ್ಟಿಯನ್ನು ಅಟ್ಟಕ್ಕೇರಿಸಿದರು. ನನ್ನ ಗಂಡ ಗಂಗೊಳ್ಳಿಯ ಬೋಟಿಗೆ ಹೋದರೆ ವಾರಗಟ್ಟಲೆ ಸಮುದ್ರದಲ್ಲೇ. ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಅವಳನ್ನೂ ಸೇರಿಸಿದರೆ ಮೂವರು.

ಬ್ರಹ್ಮಾವರದ ತವರಿನಿಂದ ಬರುವಾಗ ನನ್ನ ಅಮ್ಮ, ನಿನ್ನ ಅತ್ತೆ ಬೈಯುವವರಲ್ಲ ಎಂದು ಸಮಾಧಾನ ಹೇಳಿ ಕಳಿಸಿದ್ದಳು. ಅದು ನಿಜ. ಆದರೆ ಹೊಗಳುವವರೂ ಅಲ್ಲ ಎಂದು ಅವಳು ಹೇಳಿರಲಿಲ್ಲ. ನಿನ್ನೆಯ ಬಂಗುಡೆಯನ್ನು ಇವತ್ತಿನದೆಂದು ಹೊಗಳಿ ಮಾರಿದ ಬಾಯಲ್ಲಿ ಸೊಸೆಗೆಂದು ಒಂದು ಮಾತೂ ಉಳಿದಿರಲಿಲ್ಲವೋ ಏನೋ. ನನ್ನ ಸಾರು ಸುರಿದುಕೊಂಡು ಉಂಡು, ತಟ್ಟೆ ತೊಳೆದಿಟ್ಟು ಎದ್ದು ಹೋಗುತ್ತಿದ್ದರು. ಆ ಟಿವಿ ಸೊಸೆ ಮಾಡಿದ, ಈ ಲೋಕದಲ್ಲಿ ಯಾರೂ ರುಚಿ ನೋಡದ ಪಾಯಸಕ್ಕೆ ಮಾತ್ರ "ಹದ ಕಾಣ್, ಎಷ್ಟ್ ಚೆಂದ" ಎನ್ನುತ್ತಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ ಮೊದಮೊದಲು ಅವಳು ಒಳ್ಳೆಯವಳೇ. ಸಾಲಾಗಿ ಹಪ್ಪಳ ಒತ್ತುತ್ತಲೇ ಮಾವನಿಗೆ ಬುದ್ಧಿ ಹೇಳುತ್ತಿದ್ದಳು, ಪಾತ್ರೆ ತಿಕ್ಕುತ್ತಲೇ ಓರಗಿತ್ತಿಗೆ ತಿರುಗೇಟು ಕೊಡುತ್ತಿದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ. ಅತ್ತೆ ಅವಳ ಮುಖಕ್ಕಿಂತ ಕೈಯನ್ನೇ ನೋಡುತ್ತಿದ್ದರು. "ಕಾಣ್ ಹೆಣೆ, ಅದ್ರ ಕೈ ಒಂದ್ ಘಳಿಗಿ ಸುಮ್ನೆ ಇತ್ತಾ?" ಎಂದು ನನಗೆ ತೋರಿಸುತ್ತಿದ್ದರು. ನಾನಾಗ ಗೊಣಗುತ್ತ ಮೀನಿನ ಹುರುಪೆ ತೆಗೆಯುತ್ತಿರುತ್ತಿದ್ದೆ. ನನ್ನ ಕೈಯೂ ಸುಮ್ಮನಿರಲಿಲ್ಲ. ಅದನ್ನು ನೋಡುವವರಿರಲಿಲ್ಲ.

ಒಂದು ದಿನ ಅವಳ ಮೇಲೆ ಸರ ಕದ್ದ ಅಪವಾದ ಬಂತು. ಮನೆಯಿಂದ ಹೊರಗೆ ಹಾಕಿದರು. ಅತ್ತೆ ಮಾರನೆಯ ದಿನದಿಂದ ಮೀನು ಬಿಟ್ಟರು. ಹುಟ್ಟಿದ್ದು ಮೀನಿನ ಮನೆಯಲ್ಲಿ, ಬದುಕಿದ್ದು ಮೀನು ಮಾರಿ, ನನಗೆ ಕಾಮಾಲೆಯಾಗಿ ಗಂಜಿ ಕುಡಿಯುತ್ತಿದ್ದಾಗ ಎದುರಿಗೇ ಕೂತು ಹುರಿದ ಬಂಗುಡೆ ತಿಂದವರು! ಅವಳ ಅಪವಾದ ನೀಗುವವರೆಗೆ ಮೀನು ಮುಟ್ಟುವುದಿಲ್ಲ, ನೀಗಿದರೆ ಹಟ್ಟಿಯಂಗಡಿಯ ದೇವಸ್ಥಾನಕ್ಕೆ ಹೋಗಿ ಗಣಪತಿಗೆ ಪಂಚಕಜ್ಜಾಯದ ಸೇವೆ ಕೊಡುತ್ತೇನೆ ಎಂದು ಹರಕೆ ಹೇಳಿಕೊಂಡಿದ್ದರು. ಅದೆಲ್ಲ ಕತೆ ಅತ್ತೆ, ಬರೆದದ್ದು ಎಂದೆ. ಬರೆಯುವವರಿಗೆ ಬುದ್ಧಿ ಕೊಡುವವನೂ ಅವನೇ ಅಲ್ಲವಾ ಎಂದು ನನ್ನ ಬಾಯಿ ಮುಚ್ಚಿಸಿದರು.

ಸರ ಓರಗಿತ್ತಿಯ ಕಪಾಟಿನಲ್ಲಿ ಸಿಕ್ಕಿತು. ನಾವು ಕುಂದಾಪುರದಿಂದ ಬಸ್ಸು ಹಿಡಿದು ಹೋದೆವು. ಭಟ್ಟರು ಯಾರ ಹೆಸರಿಗೆ ಸೇವೆ ಎಂದು ಕೇಳಿದಾಗ ಅತ್ತೆ ಅವಳ ಹೆಸರು ಹೇಳಿದರು. ನಕ್ಷತ್ರ ಕೇಳಿದಾಗ ತಡವರಿಸಿದರು. ಧಾರಾವಾಹಿಯಲ್ಲಿ ಯಾರೂ ಅದನ್ನು ಹೇಳಿರಲಿಲ್ಲ. ನನ್ನ ಮುಖ ಒಮ್ಮೆ ನೋಡಿ, "ರೋಹಿಣಿ" ಎಂದುಬಿಟ್ಟರು. ರೋಹಿಣಿ ನನ್ನ ನಕ್ಷತ್ರ.

ಓದುವವರಿಗೆ ಇದು ನಗುವ ಮಾತಾಗಿರಬಹುದು. ನಮ್ಮ ಮನೆಯಲ್ಲಿ ಪೂಜೆ ಕೊಡುವುದು ಬೋಟಿನ ಹೆಸರಿಗೆ, ಬೋಟಿಗೆ ಹೋಗುವ ಗಂಡಸರ ಹೆಸರಿಗೆ. ದಡದಲ್ಲಿ ಕೂತ ಹೆಂಗಸಿಗೆ ಏನು ಗಂಡಾಂತರ ಎಂಬ ಲೆಕ್ಕ. ನಾನು ಆ ಮನೆ ಸೇರಿದ ಮೇಲೆ ನನ್ನ ನಕ್ಷತ್ರ ದೇವರ ಮುಂದೆ ಕೇಳಿಬಂದದ್ದು ಅದೇ ಮೊದಲು, ಅದೂ ಅವಳ ಹೆಸರಿನ ಹಿಂದೆ. ಪ್ರಸಾದ ನನ್ನ ಬಾಯಲ್ಲಿ ಮಣ್ಣಾಯಿತು. ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತವಳು ಮನೆಗೆ ಬರುವವರೆಗೆ ತಿರುಗಲಿಲ್ಲ. ಅತ್ತೆ ಅದನ್ನು ಗಮನಿಸಲೂ ಇಲ್ಲ.

ಅಲ್ಲಿಂದ ಮುಂದೆ ಧಾರಾವಾಹಿ ಬೆಳೆಯಿತು, ಅವಳೂ ಬೆಳೆದಳು. ಅಪವಾದ ಹೋದದ್ದೇ ಮನೆಯವರೆಲ್ಲ ಅವಳ ಮಾತಿಗೆ ತಲೆಯಾಡಿಸತೊಡಗಿದರು. ತಪ್ಪೇ ಮಾಡದವಳಾದಳು. ಅಡುಗೆಮನೆ ಬಿಟ್ಟು ಮಹಡಿಯ ಮೆಟ್ಟಿಲ ಮೇಲೆ ನಿಂತು ಮಾತಾಡತೊಡಗಿದಳು. ಬಾಗಿಲ ಮರೆಯಲ್ಲಿ ಕಿವಿಗೊಡುವುದು ಕಲಿತಳು. ಮನೆಯ ಒಳ್ಳೆಯದಕ್ಕೆಂದು ಮೊದಲ ಸುಳ್ಳು ಹೇಳಿದಳು, ಎರಡನೆಯದನ್ನು ಮೊದಲನೆಯದು ಮುಚ್ಚಲು ಹೇಳಿದಳು, ಆಮೇಲಿನವಕ್ಕೆ ಕಾರಣವೇ ಬೇಕಾಗಲಿಲ್ಲ. ನನಗೋ ಒಳಗೊಳಗೇ ಹಬ್ಬ. ನೋಡಿ ಅತ್ತೆ, ನಿಮ್ಮ ಬಂಗಾರದ ಸೊಸೆ ಎಂದು ದಿನಾ ಚುಚ್ಚುತ್ತಿದ್ದೆ. ಅತ್ತೆ ಬಹಳ ದಿನ ಒಪ್ಪಲಿಲ್ಲ. ಅದು ಹಾಗಲ್ಲ, ಯಾರೋ ಹಾಗೆ ಮಾಡಿಸುತ್ತಿದ್ದಾರೆ ಎಂದು ವಾದಿಸುತ್ತಿದ್ದರು. ಒಂದು ಸಂಜೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ಮೆಲ್ಲಗೆ, "ಈಗ ಅದ್ರ ಕೈಯೇ ಕಾಣ್ತಿಲ್ಲ. ಬರೀ ಮುಖ" ಎಂದರು.

ಬಸುರಿ ಓರಗಿತ್ತಿಯ ಹಾಲಿಗೆ ಅವಳು ಏನೋ ಬೆರೆಸಿ, ಮಾರನೆಯ ದಿನ ತನ್ನ ಅತ್ತೆಯ ತಲೆ ಮುಟ್ಟಿ, ನಾನಲ್ಲ ಎಂದು ಆಣೆ ಹಾಕಿದ ದಿನ ನನ್ನ ಅತ್ತೆ ತಾವೇ ಎದ್ದು ಟಿವಿ ಆರಿಸಿದರು. ತಮ್ಮ ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಕೂತರು.

ಬೆಳಿಗ್ಗೆ ನೋಡಿದರೆ ಒಳ್ಳೆಯ ಸೀರೆ ಉಟ್ಟು ಹಟ್ಟಿಯಂಗಡಿಗೆ ಹೊರಟು ನಿಂತಿದ್ದರು. ಮತ್ತೆ ಅವಳಿಗೇ ಇರಬೇಕು ಎಂದು ಉರಿದುಕೊಂಡೇ ಹಿಂದೆ ಹೋದೆ. ಭಟ್ಟರು ಕೇಳಿದಾಗ ಅತ್ತೆ ನನ್ನ ಹೆಸರು ಹೇಳಿದರು. ರೋಹಿಣಿ ನಕ್ಷತ್ರ ಎಂದು ಎರಡು ಸಲ ಹೇಳಿದರು, ಭಟ್ಟರಿಗೆ ಕೇಳಿಸಲಿಲ್ಲವೇನೋ ಎಂಬಂತೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ, ಇವತ್ತು ನನ್ನ ಹೆಸರಿಗೆ ಯಾಕೆ ಎಂದು ಕೇಳಿದೆ.

"ನಿನ್ ನಕ್ಷತ್ರ ಅದಕ್ಕೆ ಕೊಟ್ಟಿದ್ದೆ ಅಲ್ದಾ? ಅದ್ ಹೀಂಗ್ ಆಯ್ತ್. ನಿಂಗೆ ಎಂತದೂ ಆಪುದ್ ಬ್ಯಾಡ. ವಾಪಸ್ ತಕಂಡೆ" ಎಂದರು.

ಅವಳಿಗೆ ಕೊಟ್ಟದ್ದಾದರೂ ಯಾಕೆ ಎಂದು ಕೇಳಿದೆ.

"ಅದ್ ಸುರುವಿಗೆ ನಿನ್ನಾಂಗೇ ಇದ್ದಿತ್. ಬಾಯಿ ಬೈತಾ ಇದ್ರೂ ಕೈ ಕೆಲ್ಸ ಬಿಡ್ತಿರ್ಲಿಲ್ಲ. ಅದ್ಕೇ ನಂಗೆ ಅದ್ರ ಮೇಲೆ ಜೀವ."

ಹಾಗಾದರೆ ಅಷ್ಟು ವರ್ಷ ಹೊಗಳಿದ್ದು ನನ್ನನ್ನೇ ಎಂದು ನಾನು ತಿಳಿದುಕೊಳ್ಳಬೇಕಿತ್ತಂತೆ. ನೆಟ್ಟಗೆ ನನ್ನ ಮುಖ ನೋಡಿ ಹೇಳಿದ್ದರೆ ಬಾಯಿ ಸವೆಯುತ್ತಿತ್ತೇ? ಅತ್ತು ಅತ್ತು ಪಂಚಕಜ್ಜಾಯ ತಿಂದೆ. ಅಷ್ಟು ಸಿಹಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ.

ಅತ್ತೆ ಹೋದ ವರ್ಷ ತೀರಿಕೊಂಡರು. ಕುಂದಾಪುರದ ಆಸ್ಪತ್ರೆಯಲ್ಲಿ ನಾನೇ ಜೊತೆಗಿದ್ದೆ. ನೆತ್ತಿಗೆ ಎಣ್ಣೆ ಹಚ್ಚುತ್ತಿದ್ದಾಗ ನನ್ನ ಕೈ ಹಿಡಿದುಕೊಂಡರು. ನನಗಾಗಿ ಏನೋ ಹೇಳುತ್ತಾರೆ ಎಂದು ಬಗ್ಗಿದೆ.

"ಅದಕ್ಕೆ ಒಳ್ಳೆ ಬುದ್ಧಿ ಬಂದ್ರೆ ಪಂಚಕಜ್ಜಾಯ ಕೊಡ್ತೆ ಅಂದ್ ಹರ್ಕಿ ಹೇಳಿದ್ದೆ. ನಾ ಇಲ್ದಿರೆ ನೀನ್ ಕೊಡ್ಕ್, ಹೆಣೆ."

ಧಾರಾವಾಹಿ ನೋಡುವುದನ್ನು ಬಿಟ್ಟ ಮೇಲೂ ಅವಳನ್ನು ಬಿಟ್ಟಿರಲಿಲ್ಲ ನೋಡಿ. ಕೊನೆಯ ಮಾತಿನಲ್ಲೂ ಪಾಲಿಗೆ ಬಂದಳು.

ದೇವರಿಗೆ ಹೇಳಿದ ಹರಕೆ, ತೀರಿಸದೆ ಬಿಡುವಂತಿಲ್ಲ. ಹಾಗಾಗಿ ಈಗ ದಿನವೂ ಏಳೂವರೆಗೆ ಅತ್ತೆಯ ಜಾಗದಲ್ಲಿ ಕೂತು, ನನಗೆ ಯಾರನ್ನು ಕಂಡರಾಗದೋ ಅವಳೇ ಒಳ್ಳೆಯವಳಾಗಲಿ ಎಂದು ಕಾಯುತ್ತಿದ್ದೇನೆ. ಮೊನ್ನೆ ಒಂದು ಸಲ ಅವಳ ಕೈ ಕಂಡಿತು, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುತ್ತಿತ್ತು. ನಾನು ಎದ್ದೇ ನಿಂತೆ. ಆ ನೀರಿಗೂ ಏನೋ ಬೆರೆಸಿದಳು. ಮತ್ತೆ ಕೂತೆ.

ಆದರೂ ಒಂದು ದಿನ ಬರಬಹುದು. ಆಗ ಹಟ್ಟಿಯಂಗಡಿಗೆ ಹೋಗುತ್ತೇನೆ, ಅವಳ ಹೆಸರು ಹೇಳುತ್ತೇನೆ. ಭಟ್ಟರು ನಕ್ಷತ್ರ ಕೇಳಿದರೆ, ಹೊಟ್ಟೆ ಎಷ್ಟೇ ಉರಿಯಲಿ, ರೋಹಿಣಿ ಎಂದೇ ಹೇಳುತ್ತೇನೆ.