ಅಕ್ಕನ ಪಾಲಿನ ಸರಪಳಿ

ನನ್ನ ಅಕ್ಕ ಕಾರ್ಟೂನ್ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಾಳೆ. ಸ್ವಾತಂತ್ರ್ಯಕ್ಕಾಗಿ ಒದ್ದಾಡುವ ರೋಬೋಟಿನ ಧಾರಾವಾಹಿ ಅಲ್ಲಿ ತಯಾರಾಗುತ್ತದೆ. ಒಬ್ಬರು ರೋಬೋಟಿನ ಕಣ್ಣು ಬರೆದರೆ ಇನ್ನೊಬ್ಬರು ಕೈ ಬರೆಯುತ್ತಾರೆ. ಅಕ್ಕನ ಪಾಲಿಗೆ ಬಂದದ್ದು ಎಡಗಾಲಿನ ಸರಪಳಿ. ಮದುವೆಗೆ ಮುಂಚಿನಿಂದಲೂ ಅದೇ ಸರಪಳಿ, ಅದೇ ಕೊಂಡಿ. ನಿದ್ದೆಗಣ್ಣಲ್ಲೂ ಬರೆದಾಳು.

ಈ ಸೀಸನ್ನಿನ ಕೊನೆಯ ಕಂತಿನಲ್ಲಿ ರೋಬೋಟು ಸರಪಳಿ ಕಡಿದುಕೊಂಡು ಆಕಾಶಕ್ಕೆ ಹಾರಬೇಕಿತ್ತು. ಹಾರಿತು ಕೂಡ. ಆದರೆ ಅಕ್ಕನ ಕೈ ರೂಢಿ ಬಿಡಲಿಲ್ಲ. ಮೋಡಗಳ ನಡುವೆಯೂ ಆ ಕಾಲಿಗೆ ಸರಪಳಿ ಬರೆದುಬಿಟ್ಟಿತ್ತು. ಪ್ರಸಾರವಾಗುವವರೆಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರೂ ತಂತಮ್ಮ ಪಾಲಿನ ಕಣ್ಣು, ಕೈಗಳನ್ನಷ್ಟೇ ನೋಡಿಕೊಂಡು ಬೀಗುತ್ತಿದ್ದರು.

ಇನ್ನೇನು ಕೆಲಸ ಹೋಯಿತೆಂದು ಅಕ್ಕ ಅತ್ತಳು. ಅಷ್ಟರಲ್ಲಿ ವಿಮರ್ಶಕರು, "ಆಹಾ, ಎಂಥ ಒಳನೋಟ!" ಎಂದು ಕೊಂಡಾಡಿದರು. ನಿರ್ದೇಶಕರಿಗೆ ಪ್ರಶಸ್ತಿ ಬಂತು. ಆ ಮಹಾನುಭಾವರು ವೇದಿಕೆ ಹತ್ತಿ, ಸ್ವಾತಂತ್ರ್ಯ ಎಂದರೇನೆಂದು ಗಂಟೆಗಟ್ಟಲೆ ಕೊರೆದರು.

ಮರುದಿನ ಅಕ್ಕ ಧೈರ್ಯ ಮಾಡಿ ಅವರ ಕೋಣೆಗೆ ಹೋದಳು. "ಸರ್, ಎರಡು ದಿನ ರಜ ಬೇಕಿತ್ತು."

"ರಜಾನಾ? ಮುಂದಿನ ಸೀಸನ್‌ನಲ್ಲಿ ಎರಡೂ ಕಾಲಿಗೆ ಸರಪಳಿ ಇದೆ ಕಣಮ್ಮ. ನೀನು ಹೋದ್ರೆ ಬರೆಯೋರ್ಯಾರು?"